ಎರಡು ಸೆಂಟಿಮೀಟರ್ ಇಳಿದರೆ ದಣಿವೇ?

ಪ್ರಶ್ನೆ: ನಮ್ಮ ವಾಲಿಬಾಲ್ ತಂಡಕ್ಕೆ ಪ್ರತಿ ಸೋಮವಾರ ಜಿಗಿತದ ಟೆಸ್ಟ್ ಇರುತ್ತದೆ. ಮೊಬೈಲ್ ವಿಡಿಯೊದಲ್ಲಿ ಗಾಳಿಯಲ್ಲಿದ್ದ ಸಮಯ ನೋಡಿ ಎತ್ತರ ಲೆಕ್ಕ ಹಾಕುತ್ತೇವೆ. ಒಬ್ಬ ಆಟಗಾರ್ತಿಯದು 34 ಸೆಂ.ಮೀ. ಇದ್ದದ್ದು ಈ ವಾರ 32ಕ್ಕೆ ಇಳಿದಿದೆ. ಆಕೆಗೆ ವಿಶ್ರಾಂತಿ ಕೊಡಬೇಕೇ?

ಉತ್ತರ: ಆಕೆಯನ್ನು ಕೂರಿಸುವ ಮೊದಲು ನಿಮ್ಮ ಮೊಬೈಲ್ ಏನು ಹಿಡಿದಿದೆ ನೋಡಿ. ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರ್‌ನಲ್ಲಿ ಸಿಗುತ್ತದೆ. ಈ ಲೆಕ್ಕದಲ್ಲಿ 34 ಸೆಂ.ಮೀ. ಎಂದರೆ 0.527 ಸೆಕೆಂಡ್, 32 ಎಂದರೆ 0.511. ನಡುವಿನ ಅಂತರ ಬರೀ 16 ಮಿಲಿಸೆಕೆಂಡ್. ಸೆಕೆಂಡಿಗೆ 30 ಫ್ರೇಮ್‌ನ ಮಾಮೂಲಿ ವಿಡಿಯೊದಲ್ಲಿ ಒಂದು ಫ್ರೇಮೇ 33 ಮಿಲಿಸೆಕೆಂಡ್! ಅಂದರೆ ನೀವು ಅರ್ಧ ಫ್ರೇಮ್ ಹಿಡಿದುಕೊಂಡು ಚಿಂತಿಸುತ್ತಿದ್ದೀರಿ. 240 ಫ್ರೇಮ್‌ನ ಸ್ಲೋ ಮೋಷನ್‌ನಲ್ಲಾದರೆ ಅದೇ ಅಂತರ ಸುಮಾರು ನಾಲ್ಕು ಫ್ರೇಮ್, ಅದನ್ನು ಎಣಿಸಬಹುದು.

ಆಮೇಲೆ ಕಾಲು ನೋಡಿ. ನೆಲ ಬಿಡುವಾಗ ಮೊಣಕಾಲು ನೆಟ್ಟಗೆ, ಪಾದ ಚಾಚಿರುತ್ತದೆ. ಇಳಿಯುವಾಗಲೂ ಹಾಗೇ ತುದಿಗಾಲಲ್ಲಿ ನೆಲ ಮುಟ್ಟಬೇಕು. ಮೊಣಕಾಲು ಮಡಚಿಕೊಂಡು ಇಳಿದರೆ ಗಾಳಿಯಲ್ಲಿನ ಸಮಯ ಉದ್ದವಾಗಿ, ಜಿಗಿಯದ ಎತ್ತರವೂ ಲೆಕ್ಕಕ್ಕೆ ಸೇರುತ್ತದೆ. ಕಳೆದ ವಾರದ 34 ಹಾಗೆ ಬಂದಿರಲೂಬಹುದು. ಕೈ ಸೊಂಟದ ಮೇಲೇ ಇರಲಿ, ಬೀಸಿದರೆ ಅದು ಬೇರೆಯೇ ಟೆಸ್ಟ್. ವಾರ್ಮ್ ಅಪ್, ಶೂ, ನೆಲ, ಹೊತ್ತು ಯಾವುದೂ ಬದಲಾಗಬಾರದು. ಬೆಳಿಗ್ಗೆಗಿಂತ ಸಂಜೆ ಜಿಗಿತ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮೂರು ಸಲ ಜಿಗಿಸಿ ಸರಾಸರಿ ಬರೆದಿಡಿ. ದಣಿವು ಗುರುತಿಸಲು ಅತ್ಯುತ್ತಮ ಜಿಗಿತಕ್ಕಿಂತ ಸರಾಸರಿಯೇ ವಾಸಿ.

ಇಷ್ಟೆಲ್ಲ ಸರಿಯಿದ್ದರೂ ಅಂಕಿ ಒಂದಿಷ್ಟು ಅಲುಗಾಡುತ್ತದೆ. ಎಷ್ಟು ಎಂಬುದನ್ನು ನಿಮ್ಮ ತಂಡದಲ್ಲೇ ಕಂಡುಕೊಳ್ಳಿ. ನಡುವೆ ಕಠಿಣ ತರಬೇತಿ ಇಲ್ಲದ ಎರಡು ದಿನ, ಹತ್ತು ಹನ್ನೆರಡು ಮಂದಿಗೆ ಅದೇ ಟೆಸ್ಟ್ ಮಾಡಿಸಿ. ಪ್ರತಿಯೊಬ್ಬರ ಎರಡು ಅಂಕಿಗಳ ವ್ಯತ್ಯಾಸ ತೆಗೆದು, ಆ ವ್ಯತ್ಯಾಸಗಳ ಮಾನಕ ವಿಚಲನೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 1.41ರಿಂದ ಭಾಗಿಸಿ. ವಿಚಲನೆ 1.7 ಸೆಂ.ಮೀ. ಬಂತು ಎನ್ನಿ: ಟೆಸ್ಟಿನ ದೋಷ ಸುಮಾರು 1.2. ಆದರೆ ಎರಡು ವಾರಗಳನ್ನು ಹೋಲಿಸುವಾಗ ಎರಡೂ ಅಳತೆಗಳ ದೋಷ ಸೇರುವುದರಿಂದ ಮತ್ತೆ ಆ 1.7ನ್ನೇ ನೋಡಬೇಕು. ಆಗ 2 ಸೆಂ.ಮೀ. ಇಳಿಕೆ ಟೆಸ್ಟಿನ ಸಹಜ ಅಲುಗಾಟದ ಅಂಚಿನಲ್ಲಿದೆ, ಅಷ್ಟೆ. ಬುಧವಾರ ಮತ್ತೊಮ್ಮೆ ಜಿಗಿಸಿ. ಆಗಲೂ 32 ಬಂದು, ನಿದ್ದೆ, ಮೈಕೈ ನೋವಿನ ಬಗ್ಗೆ ಆಕೆಯೂ ದೂರು ಹೇಳಿದರೆ ತರಬೇತಿಯ ಹೊರೆ ಇಳಿಸಿ.

ಉಲ್ಟಾ ಕೂಡ ಆಗುತ್ತದೆ. ದಣಿದವರು ಜಿಗಿಯುವ ಮೊದಲು ಮೊಣಕಾಲು ಮಡಚಿ ಹೆಚ್ಚು ಹೊತ್ತು ಕುಗ್ಗಿ, ನಿಧಾನವಾಗಿ ಬಲ ಹಾಕಿ ಅದೇ ಎತ್ತರ ತಂದುಬಿಡುತ್ತಾರೆ. ಎತ್ತರ ಬರೆದುಕೊಂಡು ಸುಮ್ಮನಾಗದೆ ಕುಗ್ಗುವುದನ್ನೂ ವಿಡಿಯೊದಲ್ಲಿ ಗಮನಿಸಿ.

ಪ್ರಶ್ನೆ: ಒಂದು ಶಿಬಿರದಲ್ಲಿ 30 ಮೀಟರ್ ಓಟಕ್ಕೆ 4.42 ಸೆಕೆಂಡ್, ಇನ್ನೊಂದರಲ್ಲಿ 4.28. ಎರಡೂ ಕಡೆ ಟೈಮಿಂಗ್ ಗೇಟ್ ಇತ್ತು. ನಾನು ಸುಧಾರಿಸಿದ್ದೇನೆಯೇ?

ಉತ್ತರ: ಮುಂಗಾಲು ಗೇಟಿನಿಂದ ಎಷ್ಟು ಹಿಂದಿತ್ತು ಎಂದು ಮೊದಲು ಕೇಳಿಕೊಳ್ಳಿ. ದೇಹ ಗೇಟಿನ ಬೆಳಕಿನ ಕಿರಣವನ್ನು ದಾಟಿದಾಗ ಮಾತ್ರ ಗಡಿಯಾರ ಓಡಲು ಶುರು. 30 ಸೆಂ.ಮೀ. ಹಿಂದಿನಿಂದ ಹೊರಟವರಿಗಿಂತ ಒಂದು ಮೀಟರ್ ಹಿಂದಿನಿಂದ ಹೊರಟವರು ಹೆಚ್ಚು ವೇಗ ಹಿಡಿದೇ ಗೇಟ್ ದಾಟುತ್ತಾರೆ, ಸಮಯ ಪುಕ್ಕಟೆಯಾಗಿ ಇಳಿಯುತ್ತದೆ. ಒಂದೇ ಕಿರಣದ ಗೇಟ್ ಆಗಿದ್ದರೆ ಬೀಸಿದ ಕೈಯೂ ಅದನ್ನು ಕಡಿದುಬಿಡಬಹುದು. ಅಂತರ, ಕಿರಣದ ಎತ್ತರ, ಟ್ರ್ಯಾಕ್, ಶೂ ಇವಿಷ್ಟನ್ನೂ ಸಮಯದ ಪಕ್ಕದಲ್ಲೇ ಬರೆದಿಡಿ. ಬರೆದಿಲ್ಲವೆಂದರೆ ಆ ಎರಡು ಅಂಕಿಗಳನ್ನು ಹೋಲಿಸಲು ಹೋಗಬೇಡಿ.

ಪ್ರಶ್ನೆ: ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಕುಳಿತೇಳುವುದು) ಗರಿಷ್ಠ ಭಾರ ಎತ್ತಿಸದೆ ಸೂತ್ರದಿಂದ ಅಂದಾಜು ಮಾಡಬಹುದೇ?

ಉತ್ತರ: ಹೊಸಬರಿಗೆ ಅದೇ ಒಳ್ಳೆಯದು. 80 ಕೆ.ಜಿ.ಯನ್ನು 5 ಸಲ ಎತ್ತಿದರೆ ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರ ಎಪ್ಲಿ ಸೂತ್ರದಂತೆ 93 ಕೆ.ಜಿ., ಬ್ರಿಝಿಕಿ ಸೂತ್ರ 90. ತಮಾಷೆಯೆಂದರೆ 10 ಸಲಕ್ಕೆ ಎರಡೂ 107 ಕೊಡುತ್ತವೆ, 15ಕ್ಕೆ ಹೋದರೆ 120 ಮತ್ತು 131! ಆದ್ದರಿಂದ ಒಂದೇ ಸೂತ್ರ ಹಿಡಿದುಕೊಳ್ಳಿ, ಐದಾರು ರೆಪ್‌ಗಿಂತ (ಎತ್ತುವ ಸಲಕ್ಕಿಂತ) ಮೇಲೆ ಹೋಗಬೇಡಿ. ಎರಡು ತಿಂಗಳ ನಂತರ ಹೋಲಿಸುವಾಗಲೂ ಅಷ್ಟೇ ರೆಪ್, ಅಷ್ಟೇ ಆಳ. ಆಳ ಕಡಿಮೆಯಾದರೆ ಭಾರ ತಾನಾಗಿಯೇ ಏರುತ್ತದೆ.

ಪ್ರಶ್ನೆ: ತರಬೇತಿ ಎಷ್ಟು ಕಷ್ಟವಾಯಿತು ಎಂದರೆ ಎಲ್ಲರೂ ‘5’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಸಾಲಾಗಿ ನಿಲ್ಲಿಸಿ ಕೇಳಿದರೆ ಮೊದಲನೆಯವರ ಉತ್ತರವೇ ಎಲ್ಲರದೂ. ಮುಗಿದ ಅರ್ಧ ಗಂಟೆಯ ಮೇಲೆ, ಒಬ್ಬೊಬ್ಬರನ್ನೇ, 0ಯಿಂದ 10ರ ಪಟ್ಟಿ ತೋರಿಸಿ ಕೇಳಿ. ಅಂಕಿಯನ್ನು ನಿಮಿಷಗಳಿಂದ ಗುಣಿಸಿ: 90 ನಿಮಿಷಕ್ಕೆ 6 ಎಂದರೆ ಹೊರೆ 540. ನಿಮ್ಮ ಅಂದಾಜನ್ನು ತರಬೇತಿಗೆ ಮೊದಲೇ ಬರೆದಿಟ್ಟಿರಿ. ನೀವು 3 ಎಂದುಕೊಂಡ ದಿನ ಯಾರಾದರೂ 6 ಎಂದರೆ, ಅವರ ಬಳಿ ಮಾತಾಡಿ. ಕಡಿಮೆ ಹೇಳಿದವರನ್ನು ಹೊಗಳಬೇಡಿ, ಮರುದಿನದಿಂದ ಎಲ್ಲರೂ 2 ಎನ್ನುತ್ತಾರೆ.