ನ್ಯುಮೋನಿಯಾ ವಾಸಿಯಾದ ಮೇಲೂ ಉಳಿಯುವ ಎದೆನೋವು

ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ, ಜ್ವರ ಬಿಟ್ಟು ಎರಡು ತಿಂಗಳಾದರೂ ಉಸಿರು ಆಳಕ್ಕೆಳೆದಾಗ ಬಲಪಕ್ಕೆಯಲ್ಲಿ ಚುಚ್ಚುತ್ತದೆ, ರೋಗ ಇನ್ನೂ ಒಳಗೇ ಇದೆಯೇ ಎಂದು ಕೇಳಿದ್ದೀರಿ. ಶಿರಸಿಯವನಾದ ನಾನು ವೈದ್ಯನಲ್ಲ. ಇದೇ ಕಾಯಿಲೆಯಲ್ಲಿ ಪಕ್ಕೆಯೊಳಗೆ ನೀರು ತುಂಬಿ, ಟ್ಯೂಬ್ ಹಾಕಿ ತೆಗೆಸಿಕೊಂಡವನು.

ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ. ನೋಯುವುದು ಅದನ್ನು ಸುತ್ತಿರುವ ಎರಡು ಪದರದ ಪೊರೆಯಲ್ಲಿ, ಅಂದರೆ ಪ್ಲೂರಾದಲ್ಲಿ, ಪಕ್ಕೆಲುಬಿಗೆ ತಾಗಿಕೊಂಡಿರುವ ಹೊರಪದರ. ಸೋಂಕು ಅಲ್ಲಿಯವರೆಗೆ ಹಬ್ಬಿದ್ದರೆ, ಔಷಧ ಮುಗಿದ ಮೇಲೂ ಅದರ ಉರಿಯೂತ ಇಳಿಯಲು ವಾರಗಳೇ ಹಿಡಿಯುತ್ತವೆ. ಕೆಲವರಲ್ಲಿ ಪೊರೆ ದಪ್ಪಗಾಗಿ ಉಳಿದು ಆಗಾಗ ಎಳೆಯುವುದೂ ಉಂಟು. ಕೆಮ್ಮಿ ಕೆಮ್ಮಿ ಪಕ್ಕೆಲುಬುಗಳ ನಡುವಿನ ಸ್ನಾಯು ನೊಂದಿರಲೂಬಹುದು. ಬೆರಳಿನಿಂದ ಒತ್ತಿದಾಗ ಅದೇ ನೋವು ಅದೇ ಜಾಗದಲ್ಲಿ ಎದ್ದರೆ ಇದರ ಸಾಧ್ಯತೆ ಹೆಚ್ಚು, ಆದರೆ ಅಷ್ಟರಿಂದಲೇ ತೀರ್ಮಾನಿಸಬೇಡಿ. ನನಗಂತೂ ಟ್ಯೂಬ್ ಹಾಕಿದ್ದ ಕಡೆ, ಕಂಕುಳ ಕೆಳಗೆ, ಅಂಗಿ ತಾಗಿದರೂ ಉರಿಯುತ್ತಿತ್ತು. ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕುಳಿತು ಬಗ್ಗಿದರೆ ಆ ಉರಿ ಬೆನ್ನಿನವರೆಗೆ ಸುತ್ತಿಕೊಂಡು ಹೋಗುತ್ತಿತ್ತು. ಪಕ್ಕೆಲುಬಿನ ಅಡಿಯಲ್ಲಿ ಸಾಗುವ ನರಕ್ಕೆ ಪೆಟ್ಟಾಗಿದೆ, ತಿಂಗಳುಗಳು ಬೇಕು ಎಂದು ವೈದ್ಯರು ಹೇಳಿದ್ದರು. ಹಾಗೆಯೇ ಆಯಿತು, ಕೊಯ್ಲು ಮುಗಿಯುವ ಹೊತ್ತಿಗೆ ಅದು ತಾನಾಗಿ ಇಳಿಯಿತು.

ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುವುದು ಮಾತ್ರ ಬೇಡ, ಏಕೆಂದರೆ ಶ್ವಾಸಕೋಶದ ಕೆಳಭಾಗ ಪೂರ್ತಿ ಹಿಗ್ಗದೆ ಕಫ ಅಲ್ಲೇ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಸ್ಪೈರೋಮೀಟರನ್ನು, ಅಂದರೆ ಬಾಯಿಂದ ಉಸಿರೆಳೆದು ಚೆಂಡುಗಳನ್ನು ಮೇಲೇರಿಸುವ ಸಾಧನವನ್ನು, ನಿತ್ಯವೂ ಎಳೆಯಿರಿ. ಕೆಮ್ಮು ಬಂದಾಗ ಆ ಪಕ್ಕೆಗೆ ದಿಂಬನ್ನು ಒತ್ತಿ ಹಿಡಿದರೆ ಚುಚ್ಚುವುದು ಕಡಿಮೆಯಾಗುತ್ತದೆ. ಬಚ್ಚಲೊಲೆಗೆ ಬೆಂಕಿ ಹಾಕುವ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಡಿ, ಹೊಗೆ ನಿಮಗೆ ಆಗದು.

ಹಠಾತ್ತನೆ ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ, ಒಂದೇ ಕಾಲು ಊದಿಕೊಂಡರೆ ಅಥವಾ ನೋವು ತೋಳಿಗೋ ದವಡೆಗೋ ಹರಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು, ಹೃದಯದ ತೊಂದರೆಯೂ ಇರಬಹುದು. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಪಕ್ಕೆಯಲ್ಲಿ ನೀರು ತುಂಬುವುದಕ್ಕೆ ಅದೂ ಒಂದು ಮುಖ್ಯ ಕಾರಣ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ಇವು ಯಾವುವೂ ಇಲ್ಲದಿದ್ದರೂ ಎರಡು ತಿಂಗಳ ನೋವನ್ನು ಒಮ್ಮೆ ತೋರಿಸಲೇಬೇಕು. ಸಾಮಾನ್ಯವಾಗಿ 6 ವಾರಗಳ ಸುಮಾರಿಗೆ ಮತ್ತೊಮ್ಮೆ ಎಕ್ಸ್‌ರೇ ತೆಗೆಸುತ್ತಾರೆ. ನಿಮ್ಮದು ಆಗಿಲ್ಲದಿದ್ದರೆ ಈ ವಾರವೇ ಹೋಗಿ. ಹಳೆಯ ಫಿಲ್ಮುಗಳನ್ನೂ ಒಯ್ಯಿರಿ, ಅವನ್ನು ಪಕ್ಕದಲ್ಲಿಟ್ಟು ನೋಡದೆ ಅದು ಹೊಸ ನೆರಳೋ ಹಳೆಯ ಕಲೆಯೋ ಎಂದು ಹೇಳುವುದು ವೈದ್ಯರಿಗೂ ಕಷ್ಟ.