ಮಗಳ ಜೊತೆ ನಾನೂ ಹೋಗಿ ಇದ್ದುಬಿಡ್ಲಾ?

ಪ್ರಶ್ನೆ: ನನ್ನ ಮಗಳಿಗೆ 18 ವರ್ಷ. ಹಗಲು ರಾತ್ರಿ ಓದಿ, ಹೆಸರು ಹೇಳಿದ್ರೆ ಎಲ್ರೂ ಹುಬ್ಬೇರಿಸೋ ಅಂಥ ಯೂನಿವರ್ಸಿಟೀಲಿ ಸೀಟು ತಗೊಂಡಿದಾಳೆ. ಕ್ಲಾಸ್ ಶುರುವಾಗೋಕೆ ಇನ್ನು ಕೆಲವೇ ವಾರ. ಫಾರಂ ತುಂಬೋದು, ಫೀಸ್ ಕಟ್ಟೋದು, ಹಾಸ್ಟೆಲ್ ಅರ್ಜಿ, ಅವಳ ಇಮೇಲ್ ನೋಡೋದು ಎಲ್ಲಾ ನಾನೇ. ಹಿಂದೆ ಬೀಳ್ಬಾರ್ದು ಅಂತ ಮೊದಲ ಸೆಮಿಸ್ಟರ್ ಪುಸ್ತಕಗಳನ್ನ ತರಿಸಿ ಟೈಂಟೇಬಲ್ ಬೇರೆ ಮಾಡಿಕೊಟ್ಟಿದೀನಿ. ಆದ್ರೆ ಸೀಟು ಸಿಕ್ಕಾಗ ಕುಣಿದಾಡಿದ ಹುಡುಗಿ ಈಗ ಮಾತೇ ಕಮ್ಮಿ ಮಾಡಿದಾಳೆ. ಪುಸ್ತಕ ತೆಗೆದು ಕೂತಿರ್ತಾಳೆ, ಪುಟ ಮಾತ್ರ ತಿರುಗಲ್ಲ. ಒಂದಿನ "ಅಲ್ಲಿ ಎಲ್ರೂ ನನಗಿಂತ ಬುದ್ಧಿವಂತರೇ ಇರ್ತಾರೆ ಅಲ್ವಾ ಅಮ್ಮ" ಅಂದ್ಲು, ಛೇ ಹಾಗೆಲ್ಲ ಅನ್ಬೇಡ, ನೀನು ಅಲ್ಲೂ ಫಸ್ಟೇ ಬರ್ತೀಯ ಅಂದೆ. ನಾನು ಕೆಲಸಕ್ಕೆ ರಜೆ ಹಾಕಿ ಯೂನಿವರ್ಸಿಟಿ ಹತ್ರ ಮನೆ ಬಾಡಿಗೆಗೆ ತಗೊಂಡು ಮೊದಲ ಸೆಮಿಸ್ಟರ್ ಪೂರ್ತಿ ಅವಳ ಜೊತೆ ಇರೋಣ ಅಂತಿದೀನಿ. ನಮ್ಮನೆಯವ್ರು ಬೇಡ್ವೇ ಬೇಡ ಅಂತಾರೆ. ಮಗಳನ್ನ ಕೇಳಿದ್ರೆ "ನಿನ್ನಿಷ್ಟ ಅಮ್ಮ" ಅಂತಾಳೆ. ಏನ್ ಮಾಡ್ಲಿ?

ಉತ್ತರ: ಮೇಡಂ, ನಮಸ್ಕಾರ. ಮೊದಲು ಮಗಳಿಗೆ ನನ್ನ ಅಭಿನಂದನೆ ತಿಳಿಸಿ, ನಿಮಗೂ ಅಭಿನಂದನೆ, ಇಷ್ಟು ವರ್ಷ ಅವಳ ಬೆನ್ನಿಗೆ ನಿಂತೋರು ನೀವಲ್ವಾ.

ವಿಷಯಕ್ಕೆ ನೇರವಾಗಿ ಬರ್ತೀನಿ. ಮನೆ ಬಾಡಿಗೆಗೆ ತಗೋಬೇಡಿ. ಪಕ್ಕದಲ್ಲಿ ಯಾರಾದ್ರೂ ಇರ್ಲೇಬೇಕು ಅನ್ನೋ ಅಂಥ ಆರೋಗ್ಯದ ತೊಂದರೆ ಇದ್ರೆ ಆ ಮಾತೇ ಬೇರೆ, ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣ್ಲಿಲ್ಲ. ಯಾಕೆ ಬೇಡ ಅಂತೀನಿ ಅಂದ್ರೆ, ಹೊಸ ಜಾಗದಲ್ಲಿ ಮೊದಲ ಕೆಲವು ವಾರ ಎಲ್ರೂ ಒಂಟಿ, ಎಲ್ರೂ ಯಾರಾದ್ರೂ ಮಾತಾಡಿಸ್ತಾರಾ ಅಂತ ಕಾಯ್ತಿರ್ತಾರೆ, ಪಕ್ಕದ ರೂಮಿನ ಹುಡುಗಿ ಚಾರ್ಜರ್ ಕೇಳೋಕೆ ಬಂದು ರಾತ್ರಿ ಒಂದು ಗಂಟೆವರೆಗೂ ಮಾತಾಡ್ತಾ ಕೂತ್ಬಿಡೋದು ಆ ಟೈಮಲ್ಲೇ, ಗುಂಪುಗಳು ಗಟ್ಟಿಯಾದ ಮೇಲೆ ಒಳಗೆ ಹೋಗೋದು ಕಷ್ಟ. ದಿನಾ ಸಂಜೆ ಕ್ಲಾಸ್ ಮುಗಿದ ತಕ್ಷಣ ನಿಮ್ಮ ಹತ್ರ ಓಡಿ ಬಂದ್ರೆ ಅವಳು ಕಳ್ಕೊಳ್ಳೋದು ಅದನ್ನೇ. ಇನ್ನೊಂದು, ಅವಳಿಗೆ ಕೆಟ್ಟ ದಿನಗಳು ಬಂದೇ ಬರ್ತವೆ, ಎಲ್ರಿಗೂ ಬರ್ತವೆ, ಅವತ್ತು ಮನೆಗೆ ಬಂದಾಗ ಬಾಗಿಲಲ್ಲಿ ರಜೆ ಹಾಕಿ ಬಂದಿರೋ ಅಮ್ಮ ನಿಂತಿದ್ರೆ, ಇಷ್ಟೆಲ್ಲಾ ನನಗೋಸ್ಕರ ಬಿಟ್ಟು ಬಂದಿದಾಳೆ ಅಂತ ಆ ಮಗು ಅಳೋದನ್ನೂ ನುಂಗ್ಕೊಳ್ಳುತ್ತೆ. ಆ ಭಾರ ಬೇಕಾ ಅವಳಿಗೆ?

"ನಿನ್ನಿಷ್ಟ" ಅಂದಿದ್ದನ್ನ ಒಪ್ಪಿಗೆ ಅಂತ ತಗೋಬೇಡಿ. ಇಷ್ಟು ದೊಡ್ಡ ವಿಷಯಕ್ಕೆ ಖುಷಿ ಇದ್ದಿದ್ರೆ ಗೊತ್ತಾಗ್ತಿತ್ತು, ಸಿಟ್ಟಿದ್ರೂ ಗೊತ್ತಾಗ್ತಿತ್ತು. ನನಗನ್ಸೋ ಪ್ರಕಾರ ಈ ಪ್ರಯಾಣದಲ್ಲಿ ತಾನು ನಿರ್ಧಾರ ಮಾಡೋದು ಏನೂ ಉಳಿದಿಲ್ಲ ಅಂತ ಆ ಹುಡುಗಿಗೆ ಅನ್ಸಿಬಿಟ್ಟಿದೆ.

ಆದ್ರೆ ನಿಮ್ಮ ಪತ್ರದಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಬಾಡಿಗೆ ಮನೆ ವಿಚಾರ ಅಲ್ಲ, ಮಗಳು ಕೇಳಿದ ಆ ಒಂದು ಪ್ರಶ್ನೆ. ಅಲ್ಲಿ ಎಲ್ರೂ ನನಗಿಂತ ಬುದ್ಧಿವಂತರೇ ಅಲ್ವಾ ಅಂತ. ಅವಳು ಧೈರ್ಯ ಮಾಡಿ ಬಾಯಿಬಿಟ್ಟಿದ್ದೇ ಆಗ, ನೀವು ಪ್ರೀತಿಯಿಂದಾನೇ ಮುಚ್ಚಿಬಿಟ್ರಿ. "ನೀನು ಅಲ್ಲೂ ಫಸ್ಟೇ" ಅಂದಾಗ ಅವಳಿಗೆ ಕೇಳ್ಸಿದ್ದು ಏನು ಗೊತ್ತಾ, ಫಸ್ಟ್ ಬರ್ದಿದ್ರೆ ಅಮ್ಮನಿಗೆ ಮುಖ ತೋರಿಸೋದು ಹೇಗೆ ಅಂತ.

ಇವತ್ತು ರಾತ್ರಿನೇ ಆ ಪ್ರಶ್ನೆಗೆ ವಾಪಸ್ ಹೋಗಿ, ನಿಜ ಉತ್ತರ ಕೊಡಿ. ಹೌದು ಮಗಳೇ, ನಿನಗಿಂತ ಬುದ್ಧಿವಂತರು ಇರ್ತಾರೆ, ತುಂಬಾ ಜನ ಇರ್ತಾರೆ. ಲೆಕ್ಕಾನೇ ನೋಡಿ, 100 ಜನ ಟಾಪರ್‌ಗಳನ್ನ ಒಂದು ಕ್ಲಾಸಲ್ಲಿ ಕೂರಿಸಿದ್ರೆ ಅದ್ರಲ್ಲಿ 50 ಜನ ಕೆಳಗಿನ ಅರ್ಧದಲ್ಲಿ ಬರ್ಲೇಬೇಕು, ಆ 50 ಜನಾನೂ ಇಲ್ಲಿವರೆಗೆ ತಮ್ಮ ಸ್ಕೂಲಲ್ಲಿ ಮೊದಲ ಸಾಲಲ್ಲಿದ್ದೋರೇ. ಅವ್ರ ಬುದ್ಧಿ ಏನೂ ಕಮ್ಮಿ ಆಗಿರಲ್ಲ, ಅಕ್ಕಪಕ್ಕ ಕೂತೋರು ಬದಲಾಗಿರ್ತಾರೆ ಅಷ್ಟೇ. ಹರ್ಬರ್ಟ್ ಮಾರ್ಷ್ ಮತ್ತು ಜಾನ್ ಪಾರ್ಕರ್ ಅನ್ನೋ ಮನಶ್ಶಾಸ್ತ್ರಜ್ಞರು 1984ರಲ್ಲೇ ಇದರ ಬಗ್ಗೆ ಬರೆದ್ರು, ಒಂದೇ ಮಟ್ಟದ ಸಾಮರ್ಥ್ಯ ಇರೋ ಇಬ್ರು ಮಕ್ಕಳಲ್ಲಿ ತುಂಬಾ ಬುದ್ಧಿವಂತರ ಮಧ್ಯೆ ಓದೋ ಮಗುಗೆ ತನ್ನ ಮೇಲೆ ನಂಬಿಕೆ ಕಮ್ಮಿ ಇರುತ್ತೆ ಅಂತ, ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಅದೇ ಕಂಡಿದೆ. ಅಂದ್ರೆ ನಿಮ್ಮ ಮಗಳಿಗೆ ನಾಳೆ ಹಾಗನ್ಸಿದ್ರೆ ಅದು ಅವಳ ದೋಷ ಅಲ್ಲ, ಒಳ್ಳೆ ಜಾಗಕ್ಕೆ ಹೋದೋರಿಗೆಲ್ಲ ಆಗೋ ಅನುಭವ.

ಇದ್ರ ಜೊತೆಗೇ ಇನ್ನೊಂದು ಬರುತ್ತೆ. ನಾನು ಇಲ್ಲಿಗೆ ಅದೃಷ್ಟದಿಂದ ಬಂದಿದೀನಿ, ಒಂದಿನ ಎಲ್ರಿಗೂ ಗೊತ್ತಾಗುತ್ತೆ ಅನ್ನೋ ಭಯ. 1978ರಲ್ಲಿ ಪಾಲೀನ್ ಕ್ಲ್ಯಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಇದಕ್ಕೆ ಇಂಪಾಸ್ಟರ್ ಫಿನಾಮಿನನ್ ಅಂತ ಹೆಸರು ಕೊಟ್ಟು ಬರೆದ್ರು, ಅವರು ನೋಡಿದ್ದು ಪಿಎಚ್‌ಡಿ ಮಾಡಿದೋರು, ಒಳ್ಳೆ ಹುದ್ದೇಲಿದ್ದೋರು, ಓದಿನಲ್ಲಿ ಹೆಸರು ಮಾಡಿದ ವಿದ್ಯಾರ್ಥಿನಿಯರು, ಅಂಥವರಲ್ಲೇ ಈ ಭಯ. ಮಗಳಿಗೆ ಇದನ್ನ ಹೋಗೋ ಮುಂಚೆನೇ ಹೇಳಿಡೋದು ತುಂಬಾ ಮುಖ್ಯ, ಅಲ್ಲಿ ಹೋಗಿ ಆ ಭಯ ಬಂದಾಗ ಓ ಇದಾ, ಅಮ್ಮ ಹೇಳಿದ್ದು ಇದೇ ಅಂತ ಗುರುತು ಸಿಗ್ಬೇಕು. ಇದು ಬರೀ ಸಮಾಧಾನದ ಮಾತು ಅನ್ಕೋಬೇಡಿ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಅನ್ನೋ ಮನಶ್ಶಾಸ್ತ್ರಜ್ಞರು 2011ರಲ್ಲಿ ಸೈನ್ಸ್ ಪತ್ರಿಕೇಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಅಮೆರಿಕದ ಒಂದು ಯೂನಿವರ್ಸಿಟಿಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸೀನಿಯರ್‌ಗಳ ಅನುಭವ ಓದಿಸಿದ್ರು, ನನಗೂ ಶುರೂನಲ್ಲಿ ಇದು ನನ್ನ ಜಾಗ ಅಲ್ಲ ಅನ್ಸಿತ್ತು, ಬರ್ತಾ ಬರ್ತಾ ಸರಿಹೋಯ್ತು ಅನ್ನೋ ಥರದ್ದು, ಒಟ್ಟು ಸುಮಾರು ಒಂದು ಗಂಟೆ ಕೆಲಸ ಅಷ್ಟೇ. ಅದ್ರಿಂದ ಕಪ್ಪು ವರ್ಣೀಯ ವಿದ್ಯಾರ್ಥಿಗಳ ಗ್ರೇಡು ಮುಂದಿನ ಮೂರು ವರ್ಷ ಏರ್ತಾ ಹೋಯ್ತು. ಇಲ್ಲಿ ನಮ್ಮಂಥವ್ರು ಸೇರಲ್ಲ ಅನ್ನೋ ಅನುಮಾನ ಯಾರಿಗೆ ಜಾಸ್ತಿ ಕಾಡ್ತಿತ್ತೋ ಅವ್ರಿಗೇ ಸಹಾಯ ಆಯ್ತು ನೋಡಿ. ಅದೇ ಯೂನಿವರ್ಸಿಟೀಲಿ ಓದ್ತಿರೋ ಸೀನಿಯರ್ ಯಾರಾದ್ರೂ ಸಿಕ್ಕಿದ್ರೆ ಮಗಳು ಒಬ್ಳೇ ಅವ್ರ ಹತ್ರ ಮಾತಾಡ್ಲಿ. ನೀವು ಆ ಫೋನಲ್ಲಿ ಇರ್ಬೇಡಿ.

ಮೊದಲ ಟೆಸ್ಟಲ್ಲಿ ಕಮ್ಮಿ ಮಾರ್ಕ್ಸ್ ಬಂದ್ರೆ ಏನ್ ಹೇಳ್ತೀರಾ ಅಂತ ಈಗ್ಲೇ ಗಂಡ ಹೆಂಡತಿ ಕೂತು ಮಾತಾಡ್ಕೊಳ್ಳಿ. "ಯಾಕೆ ಹೀಗಾಯ್ತು" ಅಂತ ಶುರು ಮಾಡ್ಬೇಡಿ, ಅಲ್ಲಿಂದಾಚೆ ಅವಳು ಮಾರ್ಕ್ಸ್ ಹೇಳೋದೇ ನಿಲ್ಲಿಸ್ತಾಳೆ. "ಸರಿ, ಪೇಪರ್ ವಾಪಸ್ ಕೊಟ್ರಾ, ಎಲ್ಲಿ ಹೋಯ್ತು ಅಂತ ಮೇಷ್ಟ್ರ ಹತ್ರ ಕೇಳೋಕಾಗುತ್ತಾ" ಅಷ್ಟು ಸಾಕು. ಮೊದಲ ಸೆಮಿಸ್ಟರ್ ಎಡವೋ ಕಾಲ ಅಂತ ದೊಡ್ಡ ದೊಡ್ಡ ಸಂಸ್ಥೆಗಳೇ ಒಪ್ಕೊಂಡಿವೆ. ಅಮೆರಿಕದ ಎಂಐಟೀಲಿ ಮೊದಲ ಸೆಮಿಸ್ಟರಿನ ಗ್ರೇಡನ್ನ ಪಾಸ್ ಅಥವಾ ನೋ ರೆಕಾರ್ಡ್ ಅಂತ ಇಟ್ಟಿದಾರೆ, ಪಾಸಾದ್ರೆ ಬರೀ ಪಿ ಅಂತ ಬರುತ್ತೆ, ಆಗ್ಲಿಲ್ಲ ಅಂದ್ರೆ ಹೊರಗೆ ಕೊಡೋ ಅಂಕಪಟ್ಟೀಲಿ ಆ ವಿಷಯಾನೇ ಕಾಣಲ್ಲ. ಬ್ರಿಟನ್ನಿನ ಆಕ್ಸ್‌ಫರ್ಡಲ್ಲಿ ಬಹುತೇಕ ಕೋರ್ಸಿನ ಮೊದಲ ವರ್ಷದ ಪರೀಕ್ಷೆ ಪಾಸಾಗ್ಲೇಬೇಕು, ಆದ್ರೆ ಆ ಅಂಕ ಕೊನೇ ಡಿಗ್ರಿಯ ದರ್ಜೆಗೆ ಸೇರಲ್ಲ. ನಿಮ್ಮ ಮಗಳ ಯೂನಿವರ್ಸಿಟೀಲಿ ನಿಯಮ ಹೇಗಿದೆ ಅಂತ ಅವಳೇ ಹುಡುಕಿ ನಿಮಗೆ ಹೇಳ್ಲಿ.

ಆ ಪುಸ್ತಕಗಳು, ಟೈಂಟೇಬಲ್ಲು... ದಯವಿಟ್ಟು ತೆಗೆದುಬಿಡಿ. ಯೂನಿವರ್ಸಿಟಿ ಇಂಥದ್ದು ಓದ್ಕೊಂಡು ಬನ್ನಿ ಅಂತ ಪಟ್ಟಿ ಕಳ್ಸಿದ್ರೆ ಅದನ್ನ ಓದ್ಲಿ, ಅದು ಬಿಟ್ಟು ಬೇರೇದು ಬೇಡ. ವರ್ಷಾನುಗಟ್ಲೆ ನಿದ್ದೆಗೆಟ್ಟು ಓದಿರೋ ಮಗು ಸುಸ್ತಾಗಿ ಹೋಗಿ ಕ್ಲಾಸಲ್ಲಿ ಕೂರೋದಕ್ಕಿಂತ, ಚೆನ್ನಾಗಿ ನಿದ್ದೆ ಮಾಡಿ, ಹಳೇ ಫ್ರೆಂಡ್ಸ್ ಜೊತೆ ತಿರುಗಾಡಿ, ಕಲಿಯೋ ಹಸಿವಿಟ್ಕೊಂಡು ಹೋಗೋದು ಒಳ್ಳೇದು.

ಈ ವಾರಗಳಲ್ಲಿ ನಿಜವಾಗ್ಲೂ ಮಾಡಿಸ್ಬೇಕಾದ ತಯಾರಿ ಬೇರೆ ಇದೆ. ನಿಮ್ಮ ಕೈಲಿರೋ ಕೆಲಸ ಒಂದೊಂದಾಗಿ ಅವಳ ಕೈಗೆ ದಾಟಿಸೋದು. ಮೊದಲು ಇಮೇಲ್. ಪಾಸ್‌ವರ್ಡ್ ಅವಳೇ ಬದಲಾಯಿಸ್ಲಿ, ಹೊಸದು ನಿಮಗೆ ಗೊತ್ತಾಗೋದು ಬೇಡ. ಭಯ ಆಗುತ್ತೆ, ಗೊತ್ತು. ಆದ್ರೆ ಅಲ್ಲಿ ಕ್ಲಾಸ್ ಬದಲಾದ್ರೂ, ಫೀಸ್ ಕೊನೇ ದಿನ ಬಂದ್ರೂ, ಪ್ರೊಫೆಸರ್ ಭೇಟಿ ಮಾಡು ಅಂದ್ರೂ ಎಲ್ಲಾ ಆ ಇಮೇಲಿಗೇ ಬರೋದು, ದಿನಾ ತೆಗೆದು ನೋಡೋ ಅಭ್ಯಾಸ ಇಲ್ದಿರೋ ಮಗು ಎಷ್ಟೇ ಜಾಣೆ ಆದ್ರೂ ಒದ್ದಾಡುತ್ತೆ. ಮತ್ತೆ ಎಷ್ಟೋ ಕಡೆ ಕಾನೂನೇ ನಿಮ್ಮನ್ನ ಹೊರಗಿಡುತ್ತೆ. ಅಮೆರಿಕದಲ್ಲಿ 1974ರ ಫೆರ್ಪಾ ಕಾಯ್ದೆ ಪ್ರಕಾರ ಮಗು ಕಾಲೇಜು ಸೇರಿದ ಮೇಲೆ ಅದರ ಓದಿನ ದಾಖಲೆ ಮೇಲಿನ ಹಕ್ಕು ಅದರದ್ದೇ, 18 ತುಂಬಿರ್ದಿದ್ರೂ ಸರಿ, ಸಾಮಾನ್ಯವಾಗಿ ಮಗು ಬರೆದು ಒಪ್ಪಿಗೆ ಕೊಡ್ದೆ ತಂದೆತಾಯಿಗೆ ಮಾರ್ಕ್ಸ್ ಹೇಳಲ್ಲ. ಬ್ರಿಟನ್ನಲ್ಲೂ ಫೋನ್ ಮಾಡಿ ನಾನು ಅವಳ ತಾಯಿ ಅಂದ್ರೆ, ನಿಮ್ಮ ಮಗಳ ಒಪ್ಪಿಗೆ ಬೇಕು ಅಂತಾರೆ.

ಹಾಸ್ಟೆಲ್ ಅರ್ಜೀಲಿ ಏನೋ ಬಾಕಿ ಇದೆ ಅನ್ಕೊಳ್ಳಿ, ಆಫೀಸಿಗೆ ಅವಳೇ ಫೋನ್ ಮಾಡ್ಲಿ. ನೀವು ಪಕ್ಕದಲ್ಲಿ ಕೂತಿರಿ, ಮಾತಾಡ್ಬೇಡಿ. ಅವಳು ತಡವರಿಸ್ತಾಳೆ, ಅಪ್ಲಿಕೇಶನ್ ನಂಬರ್ ಕೇಳಿದಾಗ ಕಾಗದ ಹುಡುಕ್ತಾ ಒಂದು ನಿಮಿಷ ಅಂತಾಳೆ, ನಿಮ್ಮ ಕಡೆ ನೋಡ್ತಾಳೆ, ನಂಬರ್ ನಿಮಗೆ ಬಾಯಿಪಾಠ ಇರುತ್ತೆ, ಆದ್ರೂ ನಾಲಿಗೆ ಕಚ್ಕೊಂಡು ಸುಮ್ನಿರಿ. ಅವಳೇ ಹುಡುಕಿ ಹೇಳ್ತಾಳೆ. ಫೋನ್ ಇಟ್ಟ ಮೇಲೆ ಅವಳ ಮುಖ ನೋಡಿ ಒಂದ್ಸಲ, ಎಷ್ಟು ದಿನದಿಂದ ನೀವು ಹುಡುಕ್ತಿರೋ ಉತ್ಸಾಹ ಅಲ್ಲಿ ಸ್ವಲ್ಪ ಕಾಣುತ್ತೆ. ಬ್ಯಾಂಕ್ ಕೆಲಸ, ತಿಂಗಳ ಖರ್ಚಿನ ಲೆಕ್ಕ, ಬಟ್ಟೆ ಒಗೆಯೋದು, ಜ್ವರ ಬಂದ್ರೆ ಡಾಕ್ಟರ್ ಹತ್ರ ತಾನೇ ಹೋಗಿ ಏನಾಗ್ತಿದೆ ಅಂತ ಹೇಳೋದು, ಇವೂ ಹಂಗೇ.

ಡಾಕ್ಟರ್ ಅಂದಾಗ ನೆನಪಾಯ್ತು, ಲಸಿಕೆ ವಿಚಾರ ಯೂನಿವರ್ಸಿಟಿಯ ಹೆಲ್ತ್ ಸೆಂಟರ್ ಪೇಜಲ್ಲಿ ನೋಡೋಕೆ ಹೇಳಿ, ಹಾಸ್ಟೆಲಲ್ಲಿ ಒಟ್ಟಿಗಿರೋ ಮೊದಲ ವರ್ಷದ ಮಕ್ಕಳಿಗೆ, ಮುಂಚೆ ಹಾಕಿಸಿರ್ದಿದ್ರೆ, ಮೆನಿಂಜೈಟಿಸ್ ಅಂದ್ರೆ ಮೆದುಳಿನ ಪೊರೆಗೆ ತಗಲೋ ಸೋಂಕಿನ ಲಸಿಕೆ ಹಾಕಿಸಿ ಅಂತ ಅಮೆರಿಕ, ಬ್ರಿಟನ್ ಎರಡು ಕಡೆನೂ ಹೇಳ್ತಾರೆ.

ಸಹಾಯ ಕೇಳೋದಂತೂ ಕಲಿತೇ ಹೋಗ್ಬೇಕು. ಸ್ಕೂಲಲ್ಲಿ ಎಲ್ಲಾ ತಾನೇ ಅರ್ಥ ಮಾಡ್ಕೊಂಡು ಬೆಳೆದ ಮಕ್ಕಳಿಗೆ ಕೈ ಎತ್ತಿ ಗೊತ್ತಾಗ್ಲಿಲ್ಲ ಅನ್ನೋದೇ ಅವಮಾನ ಅನ್ಸುತ್ತೆ. ಪ್ರೊಫೆಸರ್‌ಗಳು ಮಕ್ಕಳ ಪ್ರಶ್ನೆ ಕೇಳೋಕೆ ಅಂತಲೇ ಆಫೀಸ್ ಅವರ್ಸ್ ಅಂತ ಟೈಮ್ ಇಟ್ಟು ಕೂತಿರ್ತಾರೆ, ಅದು ದಡ್ಡರಿಗೆ ಅನ್ಕೊಂಡು ಎಷ್ಟೋ ಮಕ್ಕಳು ಬಾಗಿಲವರೆಗೂ ಹೋಗಲ್ಲ. ಮೊದಲ ತಿಂಗಳಲ್ಲೇ, ತೊಂದರೆ ಬರೋಕೆ ಮುಂಚೆನೇ, ಒಂದು ಸಣ್ಣ ಪ್ರಶ್ನೆ ಹಿಡ್ಕೊಂಡು ಒಂದ್ಸಲ ಹೋಗಿ ಬರ್ಲಿ. ಆಮೇಲೆ ಹೋಗೋದು ಸಲೀಸು.

ಫೋನ್ ಎಷ್ಟು ಸಲ ಮಾಡ್ಬೇಕು ಅನ್ನೋದನ್ನ ಅವಳೇ ಹೇಳ್ಲಿ, ಅದಕ್ಕೆ ನೀವು ಒಪ್ಕೊಳ್ಳಿ. ವಾರಕ್ಕೆ ಎರಡು ಸಲ ಅಂದ್ರೆ ಎರಡೇ, ಮಧ್ಯೆ ಏನಾದ್ರೂ ಅನ್ಸಿದ್ರೆ ಒಂದು ಮೆಸೇಜ್ ಹಾಕಿ, ಉತ್ತರ ತಡ ಆದ್ರೆ ಅವಳ ರೂಮ್‌ಮೇಟ್‌ಗೆ ಫೋನ್ ಹಚ್ಚಬೇಡಿ. ಮೊದಲ ವಾರಗಳಲ್ಲಿ ಅತ್ಕೊಂಡು ಫೋನ್ ಮಾಡಿ ವಾಪಸ್ ಬರ್ತೀನಿ ಅಂತ ಹೇಳ್ಬಹುದು. ನಿಮ್ಮ ಕರುಳು ಚುರುಕ್ ಅನ್ನುತ್ತೆ, ಆದ್ರೂ ಆ ಕ್ಷಣಕ್ಕೆ ಟಿಕೆಟ್ ಬುಕ್ ಮಾಡ್ಬೇಡಿ, ಪೂರ್ತಿ ಕೇಳಿಸ್ಕೊಳ್ಳಿ, ನಾಳೆ ಸಂಜೆ ಮತ್ತೆ ಮಾತಾಡೋಣ ಅನ್ನಿ. ಬಹಳಷ್ಟು ಸಲ ಮಾರನೇ ದಿನ ಅವಳೇ ನಗ್ತಾ ಬೇರೆ ಏನೋ ಹೇಳ್ತಿರ್ತಾಳೆ, ನಿಮಗೆ ಮಾತ್ರ ರಾತ್ರಿಯೆಲ್ಲಾ ನಿದ್ದೆ ಇರಲ್ಲ. ಅದನ್ನ ಗಂಡನ ಹತ್ರ ಹೇಳ್ಕೊಳ್ಳಿ, ಮಗಳ ಹತ್ರ ಬೇಡ.

ಆದ್ರೆ ಯಾವಾಗ ಎದ್ದು ಹೊರಡ್ಬೇಕು ಅನ್ನೋದೂ ಗೊತ್ತಿರ್ಲಿ. ವಾರಗಟ್ಲೆ ಕ್ಲಾಸಿಗೆ ಹೋಗ್ತಿಲ್ಲ, ರೂಮಿಂದ ಹೊರಗೇ ಬರ್ತಿಲ್ಲ, ಊಟ ನಿದ್ದೆ ಎರಡೂ ಕೆಟ್ಟಿದೆ, ಅಥವಾ ನಾನು ಇರೋದೇ ದಂಡ ಅನ್ನೋ ಥರದ ಮಾತು ಒಂದೇ ಒಂದ್ಸಲ ಬಂದ್ರೂ ಸಾಕು, ಆಗ ಸ್ವಾತಂತ್ರ್ಯ ಗೀತಂತ್ರ್ಯ ಎಲ್ಲಾ ಪಕ್ಕಕ್ಕಿಟ್ಟು ಹಾಸ್ಟೆಲ್ ವಾರ್ಡನ್‌ಗೆ, ಅಲ್ಲಿನ ಕೌನ್ಸೆಲಿಂಗ್ ಸೆಂಟರ್‌ಗೆ ತಕ್ಷಣ ಫೋನ್ ಮಾಡಿ, ನೀವೂ ಹೊರಡಿ. ಅದಕ್ಕೇ ಈಗ್ಲೇ ಮಗಳ ಜೊತೆ ಕೂತು, ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಯಾರ ಹೆಸರು ಕೊಡ್ತೀಯ, ಆರೋಗ್ಯ ಕೆಟ್ರೆ ಯೂನಿವರ್ಸಿಟಿಯವರು ನಮಗೆ ಹೇಳ್ಬಹುದು ಅಂತ ಒಪ್ಪಿಗೆ ಬರ್ಕೊಡ್ತೀಯಾ ಅಂತ ಕೇಳಿ. ಮಾರ್ಕ್ಸ್ ನೋಡೋಕಲ್ಲ, ನಿನ್ನ ಜೀವಕ್ಕೋಸ್ಕರ ಅಂತ ಬಿಡಿಸಿ ಹೇಳಿ. ಕೌನ್ಸೆಲಿಂಗ್ ಸೆಂಟರ್ ನಂಬರ್ ಅವಳ ಫೋನಲ್ಲೂ ನಿಮ್ಮ ಫೋನಲ್ಲೂ ಇರ್ಲಿ.

ಇನ್ನು ನಿಮ್ಮ ರಜೆ. ಪೂರ್ತಿ ಸೆಮಿಸ್ಟರಿಗೆ ಹಾಕ್ಬೇಡಿ, ಬಿಟ್ಟು ಬರೋಕೆ ಎಷ್ಟು ಬೇಕೋ ಅಷ್ಟು ಹಾಕಿ. ರೂಮಿಗೆ ಸಾಮಾನು ಸಾಗಿಸೋಕೆ ನೆರವಾಗಿ, ಜೋಡಿಸೋದು ಅವಳಿಗೇ ಬಿಡಿ, ಅದೇ ದಿನ ಹೊರಟುಬಿಡಿ. ಸೆಮಿಸ್ಟರ್ ಮಧ್ಯೆ ಒಂದ್ಸಲ ನೋಡ್ಬೇಕು ಅನ್ಸಿದ್ರೆ ಅವಳನ್ನ ಕೇಳಿ ದಿನ ಗೊತ್ತು ಮಾಡ್ಕೊಂಡು, ಗಂಡ ಹೆಂಡತಿ ಇಬ್ರೂ ಒಟ್ಟಿಗೆ ಹೋಗಿ ಬನ್ನಿ. ಈ ಸಲ "ನಿನ್ನಿಷ್ಟ" ಅಂದ್ರೆ ಅಷ್ಟಕ್ಕೇ ಬಿಡ್ಬೇಡಿ, "ಇಲ್ಲ, ನಿನ್ನಿಷ್ಟ ಏನು ಹೇಳು" ಅಂತ ಕೇಳಿ, ಅವಳು ಹೇಳೋವರೆಗೂ ಕಾಯಿರಿ.