13 ಸಾವಿರದ ಬರಿಗಾಲು

ಗಂಗಾವತಿಯ ಓದುಗರೊಬ್ಬರು ಬರೆದಿದ್ದಾರೆ: ‘ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ಓಡುತ್ತೇನೆ. ಬೆಂಗಳೂರಿನ ಗೆಳೆಯ ಮಿನಿಮಲಿಸ್ಟ್ ಶೂ ತಗೋ ಅಂತಾನೆ. ಅಟ್ಟೆ ತೆಳು, ಮುಂದೆ ಅಗಲ, ಬರಿಗಾಲಲ್ಲಿ ನಡೆದ ಹಾಗೇ ಇರುತ್ತದಂತೆ. ಬೆಲೆ 13 ಸಾವಿರ. ಮನೆಯವಳು, ಬರಿಗಾಲಲ್ಲೇ ಓಡ್ರಿ, ರೊಕ್ಕನಾದ್ರೂ ಉಳೀತದ ಅಂತಾಳೆ. ಯಾರ ಮಾತು ಕೇಳಲಿ?’

ಮನೆಯವರ ಮಾತು ಕೇಳಿ. ಉತ್ತರ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಯಾರಾದರೂ ಚಪ್ಪಲಿ ವಿಷಯ ಎತ್ತಿದರೆ ನನಗೆ ಸುಮ್ನಿರೋಕೆ ಆಗಲ್ಲ, ಅದು ನಿಮಗೂ ಗೊತ್ತಿದ್ದೇ ಬರೆದಿದ್ದೀರಿ ಅಂತ ನನ್ನ ಗುಮಾನಿ.

ಗೆಳೆಯನದು ಪೂರ್ತಿ ತಪ್ಪಲ್ಲ. ಬೆರಳಿಗೆ ಜಾಗ ಬೇಕು, ಹಿಮ್ಮಡಿ ಎತ್ತರ ಇರಬಾರದು ಅನ್ನೋದೆಲ್ಲ ಒಪ್ಪುವ ಮಾತೇ. ಬರಿಗಾಲ ಓಟ ರೂಢಿಯಿದ್ದವರು ಹೆಚ್ಚಾಗಿ ಮುಂಗಾಲೂರಿ ಓಡುತ್ತಾರೆ, ಹಿಮ್ಮಡಿ ಬಡಿಯುವುದಿಲ್ಲ ಅಂತ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಡೇನಿಯಲ್ ಲೀಬರ್‌ಮನ್ 2010ರಲ್ಲಿ ತೋರಿಸಿದ್ದೂ ನಿಜ. ಅವರು ಹೇಳಿದ್ದು ಕಾಲಿನ ವಿಷಯ. ಅದಕ್ಕೆ ಬೆಲೆಚೀಟಿ ಅಂಟಿಸಿದವರು ಬೇರೆಯವರು. ಐದು ಬೆರಳಿಗೂ ಬೇರೆ ಬೇರೆ ಗೂಡಿರುವ ಶೂ ಮಾಡಿದ ವಿಬ್ರಮ್ ಕಂಪನಿ, ಇದರಿಂದ ಕಾಲು ಗಟ್ಟಿಯಾಗುತ್ತದೆ, ಪೆಟ್ಟು ಕಡಿಮೆ ಅಂತೆಲ್ಲ ಹೇಳಿಕೊಂಡಿತ್ತು. ಅಮೆರಿಕದ ಗಿರಾಕಿಗಳು ಕೋರ್ಟಿಗೆ ಎಳೆದರು. 2014ರಲ್ಲಿ ಕಂಪನಿ, ತಪ್ಪು ಒಪ್ಪಿಕೊಳ್ಳದೆಯೇ, 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಬರಿಗಾಲಲ್ಲಿ ಗೆದ್ದ ಕತೆಯನ್ನೂ ಗೆಳೆಯ ಹೇಳಿರಬೇಕು, ಅಲ್ವಾ? ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಮತ್ತೆ ಗೆದ್ದ, ಅದೂ ವಿಶ್ವದಾಖಲೆ ಮಾಡಿ. ಬರಿಗಾಲು ಮಾರುವವರ ಬಾಯಲ್ಲಿ ಕತೆ ರೋಮ್‌ನಲ್ಲೇ ಮುಗಿದುಹೋಗುತ್ತದೆ.

ಇನ್ನೊಂದು ತಮಾಷೆ ಕೇಳಿ. ಮೆಕ್ಸಿಕೋದ ಬೆಟ್ಟಗಳಲ್ಲಿ ರಾರಾಮುರಿ ಅಂತ ಜನ ಇದ್ದಾರೆ. ದೂರದ ಓಟಕ್ಕೆ ಹೆಸರಾದವರು. ಅವರ ಕಾಲಲ್ಲಿ ಹಳೇ ಟೈರು ಕತ್ತರಿಸಿ ಬಾರು ಕಟ್ಟಿದ ಚಪ್ಪಲಿ. ಇವತ್ತಿನ ಎಷ್ಟೋ ದುಬಾರಿ ತೆಳು ಚಪ್ಪಲಿಗಳಿಗೆ ಮಾದರಿ ಅದೇ. ಓದಿ ನಕ್ಕುಬಿಟ್ಟೆ. ಸಂಡೂರಿನ ಅದಿರು ಲಾರಿ ಓಡಾಡುವ ನಾಡಿನಲ್ಲಿ ಕೂತು ಟೈರಿನ ಚಪ್ಪಲಿ ಬಗ್ಗೆ ಮೆಕ್ಸಿಕೋದಿಂದ ಕಲೀಬೇಕಾ?

ನಾನು ಚಿಕ್ಕವನಿದ್ದಾಗ ಬಸ್ ಸ್ಟ್ಯಾಂಡ್ ಪಕ್ಕ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುವ ಒಬ್ಬ ಅಜ್ಜ ಕೂರುತ್ತಿದ್ದ. ನಂಬರ್ ಎಷ್ಟು ಅಂತ ಕೇಳುತ್ತಲೇ ಇರಲಿಲ್ಲ. ರಟ್ಟಿನ ಮೇಲೆ ಕಾಲಿಡಿಸಿ, ಪೆನ್ಸಿಲ್ಲಿನಿಂದ ಸುತ್ತ ಗೀಟು ಎಳೆಯುತ್ತಿದ್ದ. ಕಿರುಬೆರಳ ಹತ್ತಿರ ಬಂದಾಗ ಪೆನ್ಸಿಲ್ಲನ್ನು ಚೂರು ಹೊರಕ್ಕೆ ವಾಲಿಸಿ, ‘ಸಂಜೀಕ ಕಾಲು ಉಬ್ಬತಾವು, ಇದಕ್ಕೂ ಜಾಗ ಬೇಕಲ್ಲೋ’ ಅನ್ನುತ್ತಿದ್ದ. ನನ್ನ ಎಡಗಾಲು ಸ್ವಲ್ಪ ದೊಡ್ಡದು, ಅದಕ್ಕೆ ಬೇರೆ ಗೀಟು. ತೊಗಲಿನ ಬಾರಿಗೆ ಔಡಲೆಣ್ಣೆ ತಿಕ್ಕಿ ಕೊಡುತ್ತಿದ್ದ. ಮೊದಲ ವಾರ ಕಚ್ಚುತ್ತಿತ್ತು. ಆಮೇಲೆ ನಾಲ್ಕು ವರ್ಷ ಸವೆದಿದ್ದೇ ಗೊತ್ತಾಗಲಿಲ್ಲ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ತೆಳು ಅಟ್ಟೆಯ ಸುಖ ನಾನೂ ನೋಡಿದ್ದೇನೆ. ನನ್ನ ತಂಗಿಯ ಮಗ ಅಂಥದ್ದೇ ಶೂ ಹಾಕಿಕೊಂಡು ಕಾಲುವೆ ದಂಡೆ ಮೇಲೆ ಓಡಿದ. ಅಲ್ಲಿ ಏನು ಬೆಳೆದಿರುತ್ತದೆ ಅಂತ ನಿಮಗೆ ಹೇಳಬೇಕಾ? ಬಳ್ಳಾರಿ ಜಾಲಿ. ಮುಳ್ಳು ಅಟ್ಟೆ ದಾಟಿ ಸೀದಾ ಅಂಗಾಲಿಗೆ. ಸೇತುವೆ ಕಟ್ಟೆ ಮೇಲೆ ಕೂತು ಪಿನ್ನಿನಿಂದ ಮುಳ್ಳು ತೆಗೆಯುವಾಗಲೂ ಹುಡುಗ ‘ನೆಲ ಚೆನ್ನಾಗಿ ಫೀಲ್ ಆಗ್ತದೆ ಮಾವ’ ಅಂದ. ಟೈರಿನ ಅಟ್ಟೆಗೆ ಆ ಮುಳ್ಳು ಬರೀ ಕಚಗುಳಿ.

ಹಾಗಂತ ಮನೆಯವರ ಮಾತನ್ನು ಅಕ್ಷರಶಃ ಹಿಡಿದು ನಾಳೆಯೇ ರಸ್ತೆಗೆ ಇಳಿಯಬೇಡಿ. ರೂಢಿಯಿಲ್ಲದ ಕಾಲು ಒಮ್ಮೆಲೇ ಅಷ್ಟು ದೂರ ಓಡಿದರೆ ಮೀನಖಂಡ ಹಿಡಿಯುತ್ತದೆ, ಪಾದದ ಎಲುಬಿಗೂ ಪೆಟ್ಟು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರಿಗಂತೂ ಬರಿಗಾಲೂ ಬೇಡ, ತೆಳು ಅಟ್ಟೆಯೂ ಬೇಡ.

ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ. ನಮ್ಮದೇ ರಾಜ್ಯದ ಮಣಿಪಾಲದ ಇಬ್ಬರು ವೈದ್ಯರು 2,300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿ, 1992ರಲ್ಲಿ ಬರೆದರು. ಮೆಟ್ಟು ಹಾಕುವ ಮಕ್ಕಳಲ್ಲಿ 8.6% ಚಪ್ಪಟೆ ಪಾದ, ಹಾಕದವರಲ್ಲಿ 2.8%. ಮುಂದೆ ಮುಚ್ಚಿದ ಶೂ ಹಾಕುವವರಲ್ಲೇ ಜಾಸ್ತಿ, ಚಪ್ಪಲಿಯವರಲ್ಲಿ ಕಡಿಮೆ. ಮೂವತ್ತು ವರ್ಷ ದಾಟಿತು. ರಾಯಚೂರು, ಕೊಪ್ಪಳದ ಬಿಸಿಲಲ್ಲಿ ಇವತ್ತಿಗೂ ಮಕ್ಕಳಿಗೆ ನೈಲಾನ್ ಸಾಕ್ಸು, ಮೇಲೆ ಚೂಪು ಮೂತಿಯ ಕಪ್ಪು ಬೂಟು. ಹಾಕದೆ ಬಂದರೆ ಪ್ರಾರ್ಥನೆ ಹೊತ್ತಿಗೆ ಸಾಲಿನಿಂದ ಹೊರಗೆ. ಅಪ್ಪ 13 ಸಾವಿರ ಕೊಟ್ಟು ತನ್ನ ಬೆರಳು ಬಿಡಿಸಿಕೊಳ್ಳುತ್ತಾನೆ, ಮಗನ ಬೆರಳು ಮಧ್ಯಾಹ್ನದವರೆಗೆ ಬೂಟಿನೊಳಗೆ ಬೇಯುತ್ತಿರುತ್ತದೆ. ಪಾಲಕರ ಸಭೆಯಲ್ಲಿ ಇದನ್ನು ಯಾಕೆ ಯಾರೂ ಕೇಳಲ್ಲ?

ನೀವು ಜಾಣರು, ಕೊಳ್ಳುವ ಮೊದಲೇ ಕೇಳಿದಿರಿ. ಒಂದು ಹಾಳೆ ಮೇಲೆ ನಿಂತು, ಸಂಜೆ ಹೊತ್ತಲ್ಲಿ, ಸುತ್ತ ಗೀಟು ಎಳೆದುಕೊಳ್ಳಿ. ಅಂಗಡಿಯಲ್ಲಿ ಶೂ ಒಳಗಿನ ಹಾಸನ್ನು ತೆಗೆದು ಗೀಟಿನ ಮೇಲಿಡಿ. ಗೀಟು ಹೊರಗೆ ಉಳಿದರೆ ಶೂ ವಾಪಸ್ ಕೊಡಿ, ಬೆಲೆ ಎಷ್ಟೇ ಇರಲಿ. ಒಂದೂವರೆ ಸಾವಿರದ ಅಗಲ ಮೂತಿಯ ಕ್ಯಾನ್ವಾಸ್ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. ಹಾಳೆಗೆ ನಮ್ಮ ಪತ್ರಿಕೆಯದನ್ನೇ ಹರಿದುಕೊಳ್ಳಬಹುದು, ಈ ಪುಟ ಒಂದು ಬಿಟ್ಟು.